ಎಂಟು ಹೇಂಟೆಗಳ ಅಂಗಳ ದೊಡ್ಡದು ಮಾಡಬೇಕು: ನೆಲ ತೋಡಿ ಬರುವ ಪ್ರಾಣಿಗಳಿಗೆ ತಡೆ ಹೇಗೆ?

ಹಿತ್ತಲಕೋಳಿ:

ಎಂಟು ಹೇಂಟೆ, ಹುಂಜ ಇಲ್ಲ. ಮಲಗುವ ಗೂಡಿನದ್ದೇನೂ ತಕರಾರಿಲ್ಲ: ನೆಲದಿಂದ 60 ಸೆಂ.ಮೀ. ಎತ್ತರದ ಕಾಲುಗಳ ಮೇಲೆ ನಿಂತಿದೆ, ಹಲಗೆಯ ಗೋಡೆ, ಗಾಳಿಕಿಂಡಿಗೆ ಸಣ್ಣ ಕಣ್ಣಿನ ಮೆಶ್. ತೊಂದರೆ ಇರುವುದು ಹೊರಗಿನ ಅಂಗಳದಲ್ಲಿ. ಈಗಿನದು 2 ಮೀ × 2 ಮೀ. ಹುಲ್ಲೆಲ್ಲ ಹೋಗಿ ಬರೀ ಮಣ್ಣು ಉಳಿದಿದೆ, ಮಳೆ ಬಂದರೆ ರಾಡಿ. ಒಂದರ ಬೆನ್ನಿನ ಪುಕ್ಕ ಇನ್ನೊಂದು ಕೀಳುವುದೂ ಶುರುವಾಗಿದೆ. ಗೂಡಿಗೆ ಹೊಂದಿಕೊಂಡೇ 4 ಮೀ × 6 ಮೀ ಜಾಗ ಖಾಲಿ ಇದೆ, ಅಷ್ಟನ್ನೂ ಬೇಲಿ ಹಾಕುವ ಯೋಚನೆ.

ಸುತ್ತಮುತ್ತ ನಾಯಿ, ಬೆಕ್ಕು, ಮುಂಗುಸಿ, ರಾತ್ರಿ ಹೆಗ್ಗಣ, ಮೇಲೆ ಗಿಡುಗ ಎಲ್ಲವೂ ಇವೆ. ಆರು ಮೂಲೆ ಕಣ್ಣಿನ ಕೋಳಿ ಜಾಲರಿ (40 ಎಂಎಂ) ಒಂದು ಸುರುಳಿ ಬಿದ್ದಿದೆ. ಅದು ಉಪಯೋಗಕ್ಕೆ ಬರುತ್ತದಾ? ಸುತ್ತ ಎರಡಡಿ ಕಾಲುವೆ ತೋಡಿ ಜಾಲರಿ ಹೂಳಲೇಬೇಕಾ? ಮೇಲೆ ಬಲೆ ಸಾಕಾ, ಶೀಟೇ ಬೇಕಾ? ರಾಡಿಗೂ ಏನಾದರೂ ದಾರಿ ಹೇಳಿ.

ಕಂಬಮೆಶ್:

ಆ ಸುರುಳಿ ಕೋಳಿಯನ್ನು ಒಳಗಿಡಲು ಸಾಕು, ನಾಯಿಯನ್ನು ಹೊರಗಿಡಲು ಸಾಲದು. ತಂತಿ ಸಪೂರ, ಹೆಣೆದದ್ದೇ ಹೊರತು ಬೆಸುಗೆ ಇಲ್ಲ. ಹಲ್ಲು ಹಾಕಿ ಜಗ್ಗಿದರೆ ಒಂದು ಕಣ್ಣು ಹರಿದು ಪಕ್ಕದವೂ ಬಿಚ್ಚಿಕೊಳ್ಳುತ್ತಾ ಹೋಗುತ್ತವೆ. 40 ಎಂಎಂ ಕಣ್ಣಿನಲ್ಲಿ ಇಲಿ ಸಲೀಸಾಗಿ ನುಗ್ಗುತ್ತದೆ, ಬೆಕ್ಕು ಪಂಜ ತೂರಿಸಿ ಜಾಲರಿಗೆ ಒರಗಿ ಕೂತ ಕೋಳಿಯ ಕತ್ತನ್ನೇ ಎಳೆಯುತ್ತದೆ. ಅಂಗಳವನ್ನು ಒಳಗೆ ಎರಡು ಭಾಗ ಮಾಡುವುದಾದರೆ ಅಲ್ಲಿ ಬಳಸಿ, ಹೊರ ಸುತ್ತಿಗೆ ಬೇಡ.

ಕಾಲುವೆ ಬೇಡವೇ ಬೇಡ. ನೆಲ ತೋಡುವ ಪ್ರಾಣಿ ಗೋಡೆ ಸಿಕ್ಕಿದಲ್ಲಿ, ಅದರ ಬುಡದಲ್ಲೇ ಕೆರೆಯಲು ಶುರು ಮಾಡುತ್ತದೆ. ಅಲ್ಲಿ ಉಗುರಿಗೆ ಜಾಲರಿ ತಗುಲಿದರೆ ಪಕ್ಕಕ್ಕೆ ಸರಿದು ನೋಡುತ್ತದೆ, ಅರ್ಧ ಮೀಟರ್ ಹಿಂದಕ್ಕೆ ಹೋಗಿ ಅಲ್ಲಿಂದ ಸುರಂಗ ತೋಡುವ ಬುದ್ಧಿ ನಾಯಿಗೂ ಇಲ್ಲ, ಮುಂಗುಸಿಗೂ ಇಲ್ಲ. ಆದ್ದರಿಂದ ಜಾಲರಿಯನ್ನು ಕೆಳಕ್ಕೆ ಇಳಿಸುವ ಬದಲು ಹೊರಕ್ಕೆ ಹಾಸಿ.

ಕೆಳಸಾಲಿಗೆ 12 ಎಂಎಂ ಕಣ್ಣಿನ, 1 ಎಂಎಂ ಅಥವಾ ಅದಕ್ಕಿಂತ ದಪ್ಪ ತಂತಿಯ ವೆಲ್ಡ್ ಮೆಶ್, 1.2 ಮೀಟರ್ ಅಗಲದ ಸುರುಳಿ ತನ್ನಿ. ಉದ್ದಕ್ಕೂ ಒಂದು ಹಲಗೆ ಒತ್ತಿ ಹಿಡಿದು ಎಲ್ ಆಕಾರಕ್ಕೆ ಮಡಚಿ: 70 ಸೆಂ.ಮೀ. ಮೇಲಕ್ಕೆ, 50 ಸೆಂ.ಮೀ. ಹೊರಕ್ಕೆ. ಹೊರಗಿನ ಸೆರಗನ್ನು ನೆಲದ ಮೇಲೇ ಹಾಸಿ, 6 ಎಂಎಂ ಕಂಬಿಯನ್ನು ಯು ಆಕಾರಕ್ಕೆ ಬಗ್ಗಿಸಿದ 25–30 ಸೆಂ.ಮೀ. ಮೊಳೆಗಳನ್ನು ಅರ್ಧ ಮೀಟರಿಗೊಂದರಂತೆ ಹೊಡೆಯಿರಿ. ಹೊರ ಅಂಚು ಎಲ್ಲೂ ಎದ್ದಿರಬಾರದು. ಹುಲ್ಲು ಅದರ ಕಣ್ಣುಗಳಲ್ಲೇ ಬೆಳೆದು ಅದುವೇ ಹಿಡಿದುಕೊಳ್ಳುತ್ತದೆ. ಆಳಕ್ಕೆ ಹೂತರೆ ತೇವದಲ್ಲಿ ಬೇಗ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದದ್ದು ಕಣ್ಣಿಗೂ ಬೀಳುವುದಿಲ್ಲ.

ಎಲ್ಲರೂ ಮರೆಯುವ ಜಾಗ ಮೂಲೆ. ಎರಡು ಬದಿಯ ಸೆರಗುಗಳು ಮೂಲೆಯಲ್ಲಿ ಕೂಡುವುದಿಲ್ಲ, ಮಧ್ಯೆ 50 × 50 ಸೆಂ.ಮೀ. ಚೌಕ ಖಾಲಿ ಉಳಿಯುತ್ತದೆ. ಪ್ರಾಣಿ ಹೆಚ್ಚಾಗಿ ಕೆರೆಯುವುದೂ ಅಲ್ಲೇ. 65 × 65 ತುಂಡುಗಳನ್ನು ಬೇರೆ ಕತ್ತರಿಸಿ ಎರಡೂ ಸೆರಗಿನ ಮೇಲೆ ಹಾಸಿ ತಂತಿಯಲ್ಲಿ ಹೊಲಿಯಿರಿ. ಗೂಡು ಕಾಲಿನ ಮೇಲೆ ನಿಂತಿದೆ ಅಂದಿರಿ. ಅದರ ಅಡಿಯ ಜಾಗವನ್ನೂ ಅಂಗಳಕ್ಕೆ ಸೇರಿಸಿಕೊಳ್ಳಿ, ನೆರಳೂ ಆಯಿತು. ಆಗ ಗೂಡಿನ ಹಿಂಬದಿಯ ಕಾಲುಗಳ ನಡುವೆಯೂ ಇದೇ ಮೆಶ್, ಇದೇ ಸೆರಗು ಬರಬೇಕು.

70 ಸೆಂ.ಮೀ. ಮೇಲಿನ ಸಾಲಿಗೆ 25 × 50 ಎಂಎಂ ಕಣ್ಣಿನ, 2 ಎಂಎಂ ತಂತಿಯ ವೆಲ್ಡ್ ಮೆಶ್ ಸಾಕು. ಅದೂ 1.2 ಮೀಟರ್ ಅಗಲವೇ ಇರಲಿ. 5 ಸೆಂ.ಮೀ. ಮೇಲೊಂದು ಏರಿಸಿ ಜೋಡಿಸಿದರೆ ಒಟ್ಟು ಎತ್ತರ 1.85 ಮೀಟರ್. ಇನ್ನೂ ಗಿಡ್ಡ ಮಾಡಿದರೆ ಕಸ ಗುಡಿಸಲು ಒಳಗೆ ಹೋಗುವುದೇ ಬೇಜಾರಾಗುತ್ತದೆ, ಬೇಜಾರಾದ ಅಂಗಳ ಗಲೀಜಾಗುತ್ತದೆ. ಸುತ್ತಳತೆ 20 ಮೀಟರ್, ಎರಡೂ ಮೆಶ್ ತಲಾ 20 ಮೀಟರ್ ಬೇಕು. ಮೂಲೆ ತುಂಡಿಗೆ ಮತ್ತು ಬಾಗಿಲಿಗೆ ಎರಡರಲ್ಲೂ 2–3 ಮೀಟರ್ ಹೆಚ್ಚಿಗೆ ಇರಲಿ.

ಕಂಬ: 40 ಎಂಎಂ ಚೌಕದ ಜಿಐ (ಸತು ಲೇಪಿಸಿದ ಕಬ್ಬಿಣ) ಟ್ಯೂಬ್, 2 ಎಂಎಂ ದಪ್ಪದ್ದು, 2.4 ಮೀಟರ್ ಉದ್ದ. ಎರಡು ಮೀಟರಿಗೊಂದರಂತೆ ಸುತ್ತ 10, ಬಾಗಿಲಿಗೆ ಹೆಚ್ಚಿನ 1, ಚಾವಣಿಗೆ ನಡುವೆ 2, ಒಟ್ಟು 13. ಗುಂಡಿ 65 ಸೆಂ.ಮೀ. ಆಳ, 25 ಸೆಂ.ಮೀ. ಅಗಲ. ತಳದಲ್ಲಿ 10 ಸೆಂ.ಮೀ. ಜಲ್ಲಿ, ಮೇಲೆ 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್. ಕಂಬದ ಬುಡದಲ್ಲಿ ನೀರು ನಿಲ್ಲದಂತೆ ಮೇಲ್ಭಾಗವನ್ನು ಇಳಿಜಾರು ಮಾಡಿ. ಕಂಬದ ತುದಿಗಳನ್ನು ಅದೇ ಟ್ಯೂಬಿನ ಅಡ್ಡಪಟ್ಟಿಗಳಿಂದ ಸುತ್ತಲೂ ಬಿಗಿದರೆ ಮೂಲೆ ಕಂಬ ಒಳಕ್ಕೆ ವಾಲುವುದಿಲ್ಲ.

ಮೆಶ್ ಕಂಬಗಳ ಹೊರಬದಿಗೆ ಬರಬೇಕು. ನಾಯಿ ಹೊರಗಿಂದ ನುಗ್ಗಿದರೆ ಮೆಶ್ ಕಂಬಕ್ಕೇ ಒತ್ತಿಕೊಳ್ಳುತ್ತದೆ. ಒಳಬದಿಗೆ ಹೊಡೆದಿದ್ದರೆ ಅದೇ ಒತ್ತಡ ಸ್ಕ್ರೂಗಳನ್ನು ಕೀಳುತ್ತದೆ. 15 ಸೆಂ.ಮೀ.ಗೊಂದು ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ, ಪ್ರತಿಯೊಂದಕ್ಕೂ 25 ಎಂಎಂ ಅಗಲದ ವಾಷರ್. ಮರದ ಕಂಬವಾದರೂ ಹೀಗೇ ಮಾಡಿ, ಸ್ಟೇಪಲ್ ಪಿನ್ ನಂಬಬೇಡಿ: ಮರ ಒದ್ದೆಯಾಗಿ ಒಣಗುವಾಗ ಪಿನ್ ಸಡಿಲವಾಗಿ ಈಚೆ ಬರುತ್ತದೆ.

ಹೆಗ್ಗಣದ ಲೆಕ್ಕವೇ ಬೇರೆ. ಅದು ದೂರದ ಬಿಲದಿಂದಲೇ ಸುರಂಗ ತರುತ್ತದೆ, 50 ಸೆಂ.ಮೀ. ಸೆರಗು ಅದಕ್ಕೆ ತಡೆಯಲ್ಲ. ಅದು ಬರುವುದು ಕಾಳಿಗೆ ಮತ್ತು ಮೊಟ್ಟೆಗೆ. ಸಂಜೆ ಮೇವಿನ ಪಾತ್ರೆ ಎತ್ತಿಡಿ, ಚೆಲ್ಲಿದ ಕಾಳು ಗುಡಿಸಿ, ಗೂಡಿನ ತಳದ ಹಲಗೆಯಲ್ಲಿ ಸಂದಿ ಇದ್ದರೆ 12 ಎಂಎಂ ಮೆಶ್ ಹೊಡೆಯಿರಿ. ಅಂಗಳದ ನೆಲಕ್ಕೇ ಮೆಶ್ ಹಾಸುವವರಿದ್ದಾರೆ. ಕೋಳಿ ಕೆದರಿ ಕೆದರಿ ಅದನ್ನು ಹೊರಗೆ ತಂದರೆ ಉಗುರು ಮುರಿಯುತ್ತದೆ, ಅಂಗಾಲಿಗೆ ಗಾಯವಾಗಿ ಕೀವು ಗಟ್ಟುತ್ತದೆ. ಹಾಸಲೇಬೇಕಿದ್ದರೆ 20 ಸೆಂ.ಮೀ. ಮಣ್ಣಿನ ಕೆಳಗೆ.

ತರಗೆಲೆ:

ಬೇಲಿಯದ್ದು ಮೇಲಿನವರು ಹೇಳಿದ್ದಾರೆ, ನಾನು ನೆಲದ ಬಗ್ಗೆ ಹೇಳುತ್ತೇನೆ. 24 ಚದರ ಮೀಟರಿಗೆ ಎಂಟು ಕೋಳಿ ಅಂದರೆ ತಲಾ 3 ಚ.ಮೀ. ಕುಕ್ಕಾಟ ತಗ್ಗಲು ಇದು ಸಾಕು, ಹುಲ್ಲು ಉಳಿಯಲು ಸಾಲದು. ಎಂಟು ಹೇಂಟೆ ದಿನಕ್ಕೆ ಸುಮಾರು 1 ಕೆಜಿ ಹಸಿ ಹಿಕ್ಕೆ ಹಾಕುತ್ತವೆ, ಉಳಿದ ಹೊತ್ತು ಕೆದರುತ್ತವೆ. ಹುಲ್ಲಿನ ಆಸೆ ಬಿಟ್ಟು ಮೊದಲ ದಿನದಿಂದಲೇ ಹಾಸು ಹಾಕಿ.

ಅದಕ್ಕೂ ಮೊದಲು ನೀರು ಹೊರಗೆ ಹೋಗಬೇಕು. ರಾಡಿ ನೆಲದ ಮೇಲೆ ಎಷ್ಟು ತರಗೆಲೆ ಸುರಿದರೂ ಅದು ರಾಡಿಯೇ. ಮೀಟರಿಗೆ 2 ಸೆಂ.ಮೀ. ಇಳಿಜಾರು ಗೂಡಿನಿಂದ ಆಚೆಗೆ ಇರಲಿ. ಎತ್ತರದ ಬದಿಯಿಂದ ಹರಿದು ಬರುವ ನೀರಿಗೆ ಬೇಲಿಯ ಆಚೆ, ಸೆರಗು ಮುಗಿದ ಮೇಲೆ, ಒಂದು ಗೇಣು ಆಳದ ಚರಂಡಿ ತೋಡಿ ಪಕ್ಕಕ್ಕೆ ತಿರುಗಿಸಿ. ಈಗಿರುವ 2 × 2 ಜಾಗದ ಮೇಲ್ಮಣ್ಣು 5–7 ಸೆಂ.ಮೀ. ಕೆರೆದು ತೆಗೆದುಬಿಡಿ. ಹಿಕ್ಕೆ ತುಂಬಿದ ಆ ಪದರ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಿಡಗಳ ಬುಡಕ್ಕೆ ಹಾಕುವ ಮುಂಚೆ ಕೆಲವು ತಿಂಗಳು ಗೊಬ್ಬರಗುಂಡಿಯಲ್ಲಿ ಕೊಳೆಯಲಿ, ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆ.

ಹಾಸು ಹಾಕಲು ದಪ್ಪ ಮರದ ಚಕ್ಕೆಗಳೇ ಒಳ್ಳೆಯದು, ಜೊತೆಗೆ ಒಣ ತರಗೆಲೆ. 10–15 ಸೆಂ.ಮೀ. ದಪ್ಪ ಹಾಕಿ. ಗರಗಸದ ನುಣ್ಣನೆ ಹೊಟ್ಟು ಮಳೆಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹುಲ್ಲು ಒದ್ದೆಯಾದರೆ ಪದರ ಪದರವಾಗಿ ಬೂಸಲು ಹಿಡಿಯುತ್ತದೆ, ಆ ಬೂಸಲಿನ ಧೂಳು ಕೋಳಿಯ ಶ್ವಾಸಕೋಶಕ್ಕೆ ಕೆಟ್ಟದ್ದು. ಹಾಸು ಸರಿಯಿದೆಯೇ ಎಂದು ಮೂಗೇ ಹೇಳುತ್ತದೆ. ಮೊಣಕಾಲೂರಿ ಕೋಳಿಯ ತಲೆಯ ಮಟ್ಟಕ್ಕೆ ಬಗ್ಗಿ ಉಸಿರೆಳೆಯಿರಿ: ಕಾಡುಮಣ್ಣಿನ ವಾಸನೆ ಬಂದರೆ ಸರಿ, ಕಣ್ಣು ಚುರುಗುಟ್ಟಿದರೆ ಅಮೋನಿಯಾ, ಒಣ ಚಕ್ಕೆ ಇನ್ನಷ್ಟು ಬೇಕು.

ಮೆಶ್‌ನ ಒಳಬದಿಗೆ ಸುತ್ತಲೂ 20–25 ಸೆಂ.ಮೀ. ಎತ್ತರದ ಹಲಗೆ ನಿಲ್ಲಿಸಿ. ಇಲ್ಲದಿದ್ದರೆ ಕೋಳಿಗಳು ಎಲ್ಲ ಹಾಸನ್ನೂ ಕೆದರಿ ಆಚೆ ದಬ್ಬುತ್ತವೆ, ಒದ್ದೆ ಹಾಸು ತಾಗಿಕೊಂಡಲ್ಲಿ ಮೆಶ್ ಬೇಗ ತುಕ್ಕಾಗುತ್ತದೆ.

ಒದ್ದೆಯಾಗದ ಒಂದು ಮೂಲೆಯಲ್ಲಿ ಧೂಳಿನ ಗುಂಡಿ ಬೇಕೇ ಬೇಕು: 80 × 80 ಸೆಂ.ಮೀ., 25 ಸೆಂ.ಮೀ. ಆಳ, ಒಣ ಮಣ್ಣು, ಮರಳು, ಸ್ವಲ್ಪ ಸೌದೆ ಬೂದಿ. ಹೇನು ಹುಳು ತಗ್ಗುವುದು ಇದರಿಂದಲೇ. ಇದಕ್ಕಾಗಿಯಾದರೂ ಅಂಗಳದ ಮೂರನೇ ಒಂದು ಭಾಗಕ್ಕೆ ಶೀಟ್ ಹಾಕಲೇಬೇಕು.

ಪುಕ್ಕ ಕೀಳುವುದಕ್ಕೆ ಜಾಗ ಹೆಚ್ಚಿದರೆ ಅರ್ಧ ಪರಿಹಾರ. ಉಳಿದರ್ಧ, ಅಂಗಳದೊಳಗೆ ಮರೆಗಳು. ನಡುವೆ ಒಂದೆರಡು ಹಲಗೆ ಅಡ್ಡ ನಿಲ್ಲಿಸಿ, ಎರಡು ತುದಿಯೂ ತೆರೆದಿರಲಿ, ಓಡಿದ ಕೋಳಿ ಮೂಲೆಯಲ್ಲಿ ಸಿಕ್ಕಿಬೀಳಬಾರದು. ಮೇವಿನ ಪಾತ್ರೆ ಎರಡು, ನಡುವೆ ಕನಿಷ್ಠ 2 ಮೀಟರ್ ಅಂತರ. ಆಗ ಜೋರಿನ ಕೋಳಿ ಎರಡನ್ನೂ ಕಾಯಲಾಗುವುದಿಲ್ಲ.

ಹೊರಬೇಲಿ:

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. 24 ಚ.ಮೀ. ಪೂರ್ತಿ ಕೋಟೆ ಮಾಡುವ ಖರ್ಚಿನಲ್ಲಿ 12 ಚ.ಮೀ. ಕೋಟೆ ಮಾಡಿ, ಅದರ ಬಾಗಿಲಿನಿಂದಾಚೆ ಹಗಲಿಗೆ ಮಾತ್ರ ತೆರೆಯುವ ದೊಡ್ಡ ಮೇವಿನ ಜಾಗ ಕೊಡಬಹುದು. ಅದಕ್ಕೆ ಕೋಳಿಗಳಿಗೆಂದೇ ಬರುವ ವಿದ್ಯುತ್ ಬಲೆಬೇಲಿ, 105–120 ಸೆಂ.ಮೀ. ಎತ್ತರದ್ದು, ಸಾಕು. ಎತ್ತಿ ಬೇರೆ ಕಡೆ ಊರಬಹುದು. ಹುಲ್ಲು 5 ಸೆಂ.ಮೀ.ಗಿಂತ ಕೆಳಗೆ ಬಂದ ಕೂಡಲೇ ಜಾಗ ಬದಲಿಸಿ, 4–6 ವಾರ ಬಿಟ್ಟರೆ ಹುಲ್ಲು ಮತ್ತೆ ಬರುತ್ತದೆ. ಇಷ್ಟಕ್ಕೇ ಜಂತುಹುಳುವಿನ ಕಾಟ ಹೋಯಿತು ಅಂದುಕೊಳ್ಳಬೇಡಿ. ದುಂಡುಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಕ್ಕೂ ಮೀರಿ ಬದುಕುತ್ತದೆ.

ಈ ಬೇಲಿ ಕೆಲಸ ಮಾಡದಿದ್ದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಎರಡೇ: ಕೆಳಗಿನ ಎಳೆಗಳಿಗೆ ಹುಲ್ಲು ತಾಗಿ ಕರೆಂಟ್ ನೆಲಕ್ಕೆ ಇಳಿದುಹೋಗಿದೆ, ಇಲ್ಲವೇ ಅರ್ತಿಂಗ್ ಸರಿಯಿಲ್ಲ. ಬೇಲಿ ಊರುವ ಸಾಲಿನಲ್ಲಿ ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿ. ಅರ್ತ್ ರಾಡ್ 1 ಮೀಟರ್ ಉದ್ದದ ಜಿಐ ಕಂಬಿ, ತೇವ ಇರುವ ಕಡೆ ಪೂರ್ತಿ ಇಳಿಸಿ, ಒಣ ಕಾಲದಲ್ಲಿ ಬುಡಕ್ಕೆ ನೀರು ಹಾಕಿ. ಒಣಮಣ್ಣಿನ ಮೇಲೆ ನಿಂತ ನಾಯಿಗೆ ಶಾಕ್ ಸರಿಯಾಗಿ ತಗಲುವುದೇ ಇಲ್ಲ. ಟೆಸ್ಟರ್ ಹಿಡಿದಾಗ ಬೇಲಿಯ ದೂರದ ತುದಿಯಲ್ಲೂ 3000 ವೋಲ್ಟ್‌ಗಿಂತ ಕಡಿಮೆ ಬರಬಾರದು. ವೋಲ್ಟ್ ಇಷ್ಟಿದ್ದರೂ ಕೊಲ್ಲದಿರುವುದು ಎನರ್ಜೈಸರ್ (ಬೇಲಿಗೆ ಕರೆಂಟ್ ಕೊಡುವ ಯಂತ್ರ) ಕ್ಷಣಮಾತ್ರದ ಮಿಡಿತವಾಗಿ, ಸುಮಾರು ಸೆಕೆಂಡಿಗೊಮ್ಮೆ ಕೊಡುವುದರಿಂದ. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಕೊಲೆಗೆ ಸಮ, ಮನುಷ್ಯರೂ ಸಾಯುತ್ತಾರೆ.

ಮಿತಿಗಳೂ ಇವೆ. ಗಿಡುಗಕ್ಕೆ ಇದು ತಡೆಯಲ್ಲ. ಎಳೆಮರಿಗಳು ಕಣ್ಣಿನಲ್ಲಿ ನುಸುಳುತ್ತವೆ, ಸಿಕ್ಕಿಕೊಂಡರೆ ಸಾಯುತ್ತವೆ. ಹಗುರ ತಳಿಯ ಕೋಳಿ ಹಾರಿ ದಾಟುತ್ತದೆ. ಒಂದೇ ರೆಕ್ಕೆಯ ಉದ್ದನೆ ಹಾರುಗರಿಗಳನ್ನು ಕತ್ತರಿಸಿದರೆ ಸಮತೋಲ ತಪ್ಪಿ ಹಾರಲಾಗುವುದಿಲ್ಲ, ಆದರೆ ನಾಯಿ ಒಳಗೆ ಬಂದರೆ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ಕತ್ತರಿಸುವಾಗ ಗರಿಯ ದಂಟು ನೋಡಿ: ಬಿಳಿಯಾಗಿದ್ದರೆ ಸರಿ, ಕಪ್ಪಾಗಿ ರಕ್ತ ತುಂಬಿದ ಹೊಸ ಗರಿಯಾದರೆ ಮುಟ್ಟಬೇಡಿ.

ಹಿತ್ತಲಕೋಳಿ:

ಎಲ್ಲರಿಗೂ ಧನ್ಯವಾದ. ಮರಿ ಮಾಡಿಸುವ ಯೋಚನೆ ಇರುವುದರಿಂದ ಕರೆಂಟ್ ಬೇಲಿ ಸದ್ಯಕ್ಕೆ ಬೇಡ ಅನಿಸುತ್ತದೆ, 4 × 6 ಪೂರ್ತಿ ಮುಚ್ಚಿಯೇ ಮಾಡುತ್ತೇನೆ. ಮೂರು ಪ್ರಶ್ನೆ ಉಳಿದಿವೆ. ಶೀಟ್ ಇಲ್ಲದ ಉಳಿದ ಭಾಗಕ್ಕೆ ನೈಲಾನ್ ಬಲೆ ಸಾಕಾ? ಬಾಗಿಲು ಎಂಥದು? ಅಂಗಳ ಇಷ್ಟು ಭದ್ರವಾದ ಮೇಲೂ ರಾತ್ರಿ ಗೂಡಿನ ಸಣ್ಣ ಬಾಗಿಲು ಮುಚ್ಚಲೇಬೇಕಾ, ತಾನಾಗಿ ಮುಚ್ಚುವ ಯಂತ್ರ ಹಾಕಿದರೆ ಹೇಗೆ?

ಕಂಬಮೆಶ್:

ಗಿಡುಗಕ್ಕೆ ಬಲೆ ಸಾಕು, ಬೆಕ್ಕಿಗೆ ಸಾಲದು. 1.85 ಮೀಟರ್ ಮೆಶ್ ಬೆಕ್ಕಿಗೆ ಏಣಿಯಿದ್ದಂತೆ, ಹತ್ತಿ ಬಲೆಯನ್ನು ಕಚ್ಚಿ ಹರಿಯುತ್ತದೆ. ಬಿಸಿಲಿಗೆ ನೈಲಾನ್ ಬೇರೆ ಲಡ್ಡಾಗುತ್ತದೆ, ತರಗೆಲೆ ಬಿದ್ದು ಜೋತುಬೀಳುತ್ತದೆ. ಮೇಲೂ 25 × 50 ವೆಲ್ಡ್ ಮೆಶ್ ಹಾಕಿ. ಒಂದು ತುದಿಯ 2 × 4 ಮೀ. ಭಾಗ ಶೀಟ್‌ಗೆ ಹೋದರೆ ಉಳಿಯುವುದು 4 × 4: 1.2 ಮೀ. ಅಗಲದ ನಾಲ್ಕು ಪಟ್ಟಿ, ತಲಾ 4 ಮೀ., ಒಟ್ಟು 16 ಮೀಟರ್. ಕೂಡುವ ಅಂಚುಗಳನ್ನು 5 ಸೆಂ.ಮೀ. ಮೇಲೊಂದು ಬರುವಂತೆ ಇಟ್ಟು 10–15 ಸೆಂ.ಮೀ.ಗೊಂದು ತಂತಿ ಸುತ್ತಿ. ಮರಿಗಳು ಬಂದ ಮೇಲೂ ತೊಂದರೆಯಿಲ್ಲ, ಕೆಳಸಾಲು 12 ಎಂಎಂ ಇರುವುದರಿಂದ ಆಚೆ ನುಸುಳುವುದಿಲ್ಲ.

ಶೀಟ್‌ಗೆ 2 ಮೀಟರಿಗೆ 20 ಸೆಂ.ಮೀ. ಇಳಿಜಾರು. ಅದಕ್ಕೆ ಎತ್ತರದ ಬದಿಯ ಕಂಬಗಳನ್ನು 20 ಸೆಂ.ಮೀ. ಉದ್ದ ತರಬೇಕು, ಮೇಲೆ ಉಳಿಯುವ ಸಂದಿಯನ್ನು ಮೆಶ್‌ನಿಂದ ಮುಚ್ಚಬೇಕು. 8 ಚ.ಮೀ. ಶೀಟ್ ಮೇಲೆ 50 ಎಂಎಂ ಮಳೆ ಬಿದ್ದರೆ 400 ಲೀಟರ್ ನೀರು, ಅದು ಅಂಗಳದೊಳಗೆ ಬೀಳುವಂತಿದ್ದರೆ ಹಾಸಿನ ಕೆಲಸವೆಲ್ಲ ವ್ಯರ್ಥ. ಇಳಿಜಾರು ಹೊರಮುಖವಾಗಿರಲಿ, ಅಂಚಿಗೆ ದೋಣಿ ಕೊಟ್ಟು ಚರಂಡಿಗೆ ಬಿಡಿ. ಸ್ಕ್ರೂ ಶೀಟಿನ ಉಬ್ಬಿನ ಮೇಲೆ, ರಬ್ಬರ್ ವಾಷರ್ ಹಾಕಿ. ತಗ್ಗಿನಲ್ಲಿ ಹೊಡೆದರೆ ಸೋರುತ್ತದೆ.

ಬಾಗಿಲು 80 ಸೆಂ.ಮೀ. ಅಗಲ, ಕೈಗಾಡಿ ಹೋಗಬೇಕು. ಹೊರಕ್ಕೆ ತೆರೆಯಲಿ: ಹೊರಗಿಂದ ದಬ್ಬಿದಷ್ಟೂ ಚೌಕಟ್ಟಿಗೆ ಬಿಗಿಯಾಗುತ್ತದೆ, ಒಳಗಿನ ಹಾಸೂ ಅಡ್ಡ ಬರುವುದಿಲ್ಲ. ಮರದ ಬಾಗಿಲಾದರೆ ಓರೆಪಟ್ಟಿ ಕೆಳಗಿನ ತಿರುಗಣಿಯಿಂದ ಮೇಲಿನ ಚಿಲಕದ ಮೂಲೆಗೆ. ಉಲ್ಟಾ ಹೊಡೆದರೆ ಪಟ್ಟಿ ಭಾರ ಹೊರುವುದಿಲ್ಲ, ಮಳೆಗಾಲ ಮುಗಿಯುವುದರೊಳಗೆ ಬಾಗಿಲು ಜೋತು ನೆಲಕ್ಕೆ ಉಜ್ಜುತ್ತದೆ. ಹೊಸ್ತಿಲಿಗೆ ಸೆರಗು ಹಾಸಿದರೆ ಕಾಲಿಗೆ ಸಿಕ್ಕುತ್ತದೆ, ಅಲ್ಲಿ 50 ಸೆಂ.ಮೀ. ಅಗಲದ ಕಲ್ಲುಚಪ್ಪಡಿ ಅಥವಾ ಕಾಂಕ್ರೀಟ್ ಹಾಕಿ, ಬಾಗಿಲಿನ ಅಡಿ 12 ಎಂಎಂಗಿಂತ ಹೆಚ್ಚು ಸಂದಿ ಬಿಡಬೇಡಿ. ಚಿಲಕ ಮೇಲೊಂದು, ಕೆಳಗೊಂದು. ಒಂದೇ ಇದ್ದರೆ ನಾಯಿ ಕೆಳಮೂಲೆಯನ್ನು ಬಗ್ಗಿಸಿ ನುಗ್ಗುತ್ತದೆ.

ಚಿಲಕ:

ಮುಚ್ಚಲೇಬೇಕು. ಅಂಗಳದ ಉದ್ದಗಲದಲ್ಲಿ ಎಲ್ಲೋ ಒಂದು ಹೊಲಿಗೆ ಬಿಚ್ಚಿದ್ದು ತಿಳಿಯುವಾಗ ತಡವಾಗಿರುತ್ತದೆ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದೂ ಇಲ್ಲ, ಕೂತಲ್ಲೇ ಕೂತಿರುತ್ತದೆ. ಹಾವಿಗೂ ಹೆಗ್ಗಣಕ್ಕೂ ಎರಡನೇ ತಡೆ ಈ ಸಣ್ಣ ಬಾಗಿಲೇ.

ಅಳತೆ 30 ಸೆಂ.ಮೀ. ಅಗಲ, 35 ಸೆಂ.ಮೀ. ಎತ್ತರ. ಮೇಲಿಂದ ಕೆಳಕ್ಕೆ ಜಾರುವ ಅಲ್ಯೂಮಿನಿಯಂ ಹಾಳೆ, ಎರಡು ಬದಿಗೆ 15 ಎಂಎಂ ಆಳದ ಗಾಡಿ (ಹಾಳೆ ಜಾರುವ ಸಪೂರ ತೋಡು). ಕೆಳಗೆ ಗಾಡಿ ಕೊಡಬೇಡಿ, ಹೊಟ್ಟು ತುಂಬಿ ಬಾಗಿಲು ಪೂರ್ತಿ ಇಳಿಯುವುದಿಲ್ಲ, ಅಷ್ಟೇ ಸಂದಿ ಪಂಜಕ್ಕೆ ಸಾಕು. ಬದಲಿಗೆ ಹೊರಬದಿಗೆ ಒಂದು ಪಟ್ಟಿ ಹೊಡೆದು ಬಾಗಿಲಿನ ತಳ ಅದರ ಹಿಂದೆ ಇಳಿಯುವಂತೆ ಮಾಡಿ.

ಯಂತ್ರದ್ದು ಬೆಳಕಿನ ಸೆನ್ಸರ್ ಆದರೆ ಅದರ ಕಣ್ಣಿಗೆ ಬೀದಿದೀಪ, ಅಂಗಳದ ಬಲ್ಬ್ ಬೀಳಬಾರದು, ಬಿದ್ದರೆ ರಾತ್ರಿಯಿಡೀ ತೆರೆದೇ ಇರುತ್ತದೆ. ದಟ್ಟ ಮೋಡದ ಸಂಜೆ ಬೇಗ ಮುಚ್ಚಿ ಒಂದೆರಡು ಕೋಳಿ ಹೊರಗುಳಿಯುವುದೂ ಉಂಟು. ಟೈಮರ್ ಆದರೆ ಸೂರ್ಯಾಸ್ತದ ನಂತರ 30 ನಿಮಿಷಕ್ಕೆ ಇಡಿ, ಹಗಲು ಹಿಗ್ಗಿ ಕುಗ್ಗಿದಂತೆ ತಿಂಗಳಿಗೊಮ್ಮೆ ಬದಲಿಸಿ. ಅಡ್ಡ ಸಿಕ್ಕರೆ ವಾಪಸ್ ಏರುವ ವ್ಯವಸ್ಥೆ ಇಲ್ಲದ ಯಂತ್ರ ಕೊಳ್ಳಬೇಡಿ. ಯಾವುದೇ ಆದರೂ ಮಲಗುವ ಮುಂಚೆ ಟಾರ್ಚ್ ಹಾಕಿ ತಲೆ ಎಣಿಸುವುದು ತಪ್ಪುವುದಿಲ್ಲ. ಯಂತ್ರ ಬಾಗಿಲು ಮುಚ್ಚುತ್ತದೆ, ಒಳಗೆ ಏಳಿದೆಯೋ ಎಂಟಿದೆಯೋ ಅದಕ್ಕೆ ಗೊತ್ತಿಲ್ಲ.

ತರಗೆಲೆ:

ಒಂದು ಸೇರಿಸುವುದು ಬಿಟ್ಟಿದ್ದೆ. ಮೆಶ್ ಕತ್ತರಿಸುವ ಕೆಲಸವನ್ನು ಅಂಗಳದೊಳಗೆ ಮಾಡಬೇಡಿ. ಹೊಳೆಯುವ ಆ ಸಣ್ಣ ತಂತಿ ಚೂರುಗಳನ್ನು ಕೋಳಿ ಕಾಳೆಂದು ಹೆಕ್ಕುತ್ತದೆ. ಚೂಪು ತುದಿ ಹೊಟ್ಟೆಯನ್ನು ಚುಚ್ಚುವುದು ಒಂದು, ಮೇಲಿನ ಸತು ಕರಗಿ ವಿಷವಾಗುವುದು ಇನ್ನೊಂದು. ಕೆಲಸ ಮುಗಿದ ಮೇಲೆ ದೊಡ್ಡ ಅಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ನೆಲದ ಮೇಲೆ ಎರಡು ದಿಕ್ಕಿನಲ್ಲೂ ಎಳೆಯಿರಿ. ಜಿಐ ತಂತಿ ಒಳಗೆ ಕಬ್ಬಿಣವೇ ಆದ್ದರಿಂದ ಅಂಟಿಕೊಂಡು ಬರುತ್ತದೆ. ಹಾಸು ಸುರಿಯುವುದು ಅದಾದ ಮೇಲೆ.